ಮುಂಬೈಗೆ ಹೊರಟಿದ್ದೀರಾ? ಕೊಲಾಬಾ–ಫೋರ್ಟ್ ಕಡೆ ರೂಮ್ ಮಾಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರಲ್ಲಿ, ಗೆಳೆಯರಲ್ಲಿ ಯಾರೇ ಮುಂಬೈ ನೋಡಲು ಹೊರಟರೂ ಮೊದಲು ಕೇಳುವುದು ಒಂದೇ ಮಾತು: "ಗೇಟ್‌ವೇ ಆಫ್ ಇಂಡಿಯಾ ಹತ್ತಿರ ಒಳ್ಳೆ ರೂಮ್ ಯಾವುದಿದೆ?" ಒಂದು ಹೆಸರು ಹೇಳಿಬಿಡಬಹುದು. ಆದರೆ ಈ ಭಾಗದಲ್ಲಿ ಒಂದೇ ಹಳೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿ ಬೇರೆ ಬೇರೆ ಲಾಡ್ಜ್‌ಗಳಿರುತ್ತವೆ. ಒಂದೇ ಲಾಡ್ಜ್‌ನ ಎರಡು ರೂಮ್‌ಗಳಿಗೂ ಅಜಗಜಾಂತರ. ಹಾಗಾಗಿ ನಾನು ಹೆಸರು ಹೇಳುವುದಿಲ್ಲ. ಯಾವ ಗಲ್ಲಿ, ಯಾವ ಮಹಡಿ, ಕಿಟಕಿ ಎತ್ತ ತೆರೆಯುತ್ತದೆ ಎಂದು ಕೇಳಲು ಹೇಳುತ್ತೇನೆ. ವರ್ಷಗಳಿಂದ ಫೋನಿನಲ್ಲಿ ಹೇಳುತ್ತಾ ಬಂದದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಗೇಟ್‌ವೇ ಹತ್ತಿರವೇ ಯಾಕೆ ಇರಬೇಕು? ಅಂಧೇರಿ, ದಾದರ್ ಕಡೆ ಅದೇ ದುಡ್ಡಿಗೆ ದೊಡ್ಡ ರೂಮ್ ಸಿಗುತ್ತದೆ ಅಲ್ವಾ?

ಸಿಗುತ್ತದೆ, ನಿಜ. ಆದರೆ ಎರಡು ಮೂರು ದಿನಕ್ಕೆ, ಅದೂ ಮೊದಲ ಸಲ ಬರುವವರಿಗೆ, ನಾನು ದಕ್ಷಿಣ ತುದಿಯನ್ನೇ ಹೇಳುವುದು. ಗೇಟ್‌ವೇ, ಎಲಿಫೆಂಟಾ ಗುಹೆಗಳಿಗೆ ಹೋಗುವ ದೋಣಿ, ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ, ಜಹಾಂಗೀರ್ ಆರ್ಟ್ ಗ್ಯಾಲರಿ, ಓವಲ್ ಮೈದಾನ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಮಧ್ಯಾಹ್ನ ಸುಸ್ತಾದರೆ ರೂಮಿಗೆ ಬಂದು ಒಂದು ಗಂಟೆ ಮಲಗಿ ಮತ್ತೆ ಹೋಗಬಹುದು. ವಯಸ್ಸಾದವರಿಗೂ ಮಕ್ಕಳಿಗೂ ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಅಲ್ಲಿ ಇದ್ದಾಗಲೇ ಗೊತ್ತಾಗುವುದು.

ಇನ್ನೊಂದು ಕಾರಣ ಲೋಕಲ್ ರೈಲು. ಬೆಳಿಗ್ಗೆ ಮುಂಬೈನ ಜನ ಕೆಲಸಕ್ಕೆಂದು ಚರ್ಚ್‌ಗೇಟ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣಗಳ ಕಡೆಗೆ ಬರುತ್ತಾರೆ. ಸಂಜೆ ಅಲ್ಲಿಂದ ಉತ್ತರಕ್ಕೆ ವಾಪಸ್ ಹೋಗುತ್ತಾರೆ. ನೀವು ಅಂಧೇರಿಯಲ್ಲಿ ಉಳಿದರೆ ಬೆಳಿಗ್ಗೆಯೂ ಸಂಜೆಯೂ ಆ ನೂಕುನುಗ್ಗಲಿನ ಜೊತೆಗೇ ಹೋಗಬೇಕು. ಕೊಲಾಬಾದಲ್ಲಿ ಉಳಿದರೆ ಜನ ಬರುವಾಗ ನೀವು ಆ ಕಡೆ ಹೋಗುತ್ತೀರಿ. ಕೂರಲು ಸೀಟೂ ಸಿಗುತ್ತದೆ.

ಬೊರಿವಲಿಯಲ್ಲಿ ಮದುವೆ ಇದೆ, ಪರೇಲ್‌ನ ಆಸ್ಪತ್ರೆಗೆ ತೋರಿಸಬೇಕು ಅಂತಾದರೆ ಈ ಮಾತು ಬಿಡಿ. ಕೆಲಸ ಎಲ್ಲಿದೆಯೋ ಅಲ್ಲೇ ರೂಮ್ ಮಾಡಿ.

ಕೊಲಾಬಾ, ಫೋರ್ಟ್, ಚರ್ಚ್‌ಗೇಟ್, ಮರೀನ್ ಡ್ರೈವ್: ಇವುಗಳಲ್ಲಿ ಯಾವುದು?

ನಾಲ್ಕೂ ಅಕ್ಕಪಕ್ಕದಲ್ಲೇ ಇವೆ. ಆದರೆ ರಾತ್ರಿ ಹತ್ತು ಗಂಟೆಗೆ ಹೊರಗೆ ನಿಂತರೆ ನಾಲ್ಕು ಬೇರೆ ಊರು ಅನಿಸುತ್ತದೆ.

ಕೊಲಾಬಾ ಅಂದರೆ ಸದಾ ಜನ. ಕಾಸ್‌ವೇ, ಅಂದರೆ ಶಹೀದ್ ಭಗತ್ ಸಿಂಗ್ ರಸ್ತೆಯ ಫುಟ್‌ಪಾತ್ ತುಂಬಾ ಬಳೆ, ಚಪ್ಪಲಿ, ಬಟ್ಟೆ ಅಂಗಡಿಗಳು. ರಸ್ತೆಗೆ ಮುಖ ಮಾಡಿದ ರೂಮ್ ಬೇಡವೇ ಬೇಡ. ಹಾರ್ನ್ ಸದ್ದು ನಿಲ್ಲುವುದೇ ತಡರಾತ್ರಿ. ಅದೇ ರಸ್ತೆಯಿಂದ ಸಮುದ್ರದ ಕಡೆಗೆ ಹೋಗುವ ಅಡ್ಡ ಗಲ್ಲಿಗಳಿವೆ: ಮೆರಿವೆದರ್ ರೋಡ್, ಹೆನ್ರಿ ರೋಡ್, ಗಾರ್ಡನ್ ರೋಡ್ ಹೀಗೆ. ಮರಗಳಿವೆ, ಗಲಾಟೆ ಅರ್ಧಕ್ಕರ್ಧ ಕಡಿಮೆ. ಮನೆಯವರನ್ನು ಕರೆದುಕೊಂಡು ಬಂದರೆ ನಾನು ಮೊದಲು ಹುಡುಕುವುದು ಈ ಗಲ್ಲಿಗಳಲ್ಲೇ. ಕಾಸ್‌ವೇಯಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ಸಸೂನ್ ಡಾಕ್ ಬರುತ್ತದೆ. 1875ರಲ್ಲಿ ಕಟ್ಟಿದ ಧಕ್ಕೆ, ಈಗ ಮೀನಿನ ದೋಣಿಗಳು ಬರುವ ಜಾಗ ಅದು. ಕೋಳಿ ಕೂಗುವ ಮೊದಲೇ ಅಲ್ಲಿ ಲಾರಿಗಳು, ಬುಟ್ಟಿಗಳು, ಹರಾಜು ಶುರು. ನೋಡಲು ಒಂದು ಬೆಳಿಗ್ಗೆ ಖಂಡಿತ ಹೋಗಿ. ಆದರೆ ಮೀನಿನ ವಾಸನೆ ಆಗದವರು ಅದರ ಹತ್ತಿರ ರೂಮ್ ಮಾಡಬೇಡಿ.

ಫೋರ್ಟ್ ಕಚೇರಿಗಳ ಜಾಗ. ಬ್ಯಾಂಕು, ಕೋರ್ಟು, ಪುಸ್ತಕದಂಗಡಿ. ಹಗಲು ಕಾಲಿಡಲು ಜಾಗ ಇರುವುದಿಲ್ಲ, ಸಂಜೆ ಏಳರ ಮೇಲೆ ಖಾಲಿ. ಬಾಡಿಗೆ ಕೊಲಾಬಾಕ್ಕಿಂತ ಸ್ವಲ್ಪ ಕಡಿಮೆ ಇರುವುದುಂಟು. ಸಿಎಸ್‌ಎಂಟಿ ಪಕ್ಕದಲ್ಲೇ ಇರುವುದರಿಂದ ರೈಲಿನಲ್ಲಿ ಬಂದು ಹೋಗುವವರಿಗೆ ಒಳ್ಳೆಯದು. ಒಂದು ವಿಷಯ ನೆನಪಿಡಿ: ಭಾನುವಾರ ಇಲ್ಲಿನ ಎಷ್ಟೋ ಊಟದ ಹೋಟೆಲ್‌ಗಳು ಬಾಗಿಲು ತೆಗೆಯುವುದಿಲ್ಲ. ಕಚೇರಿಯವರೇ ಅವುಗಳ ಗಿರಾಕಿಗಳು.

ಚರ್ಚ್‌ಗೇಟ್ ನನಗೆ ತುಂಬಾ ಇಷ್ಟ. ಓವಲ್ ಮೈದಾನದ ಒಂದು ಬದಿಗೆ ಹೈಕೋರ್ಟ್, ವಿಶ್ವವಿದ್ಯಾಲಯದ ಗೋಪುರ. ಇನ್ನೊಂದು ಬದಿಗೆ ದುಂಡು ಬಾಲ್ಕನಿಗಳ ಆರ್ಟ್ ಡೆಕೋ ಮನೆಗಳು. ಇವೆರಡನ್ನೂ ಸೇರಿಸಿ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು. ಗಲ್ಲಿಗಳು ಶಾಂತ, ಐದು ಹೆಜ್ಜೆಗೆ ಸಮುದ್ರ. ಲಾಡ್ಜ್‌ಗಳು ಕಡಿಮೆ, ಇರುವುದಕ್ಕೂ ಬೇಡಿಕೆ ಜಾಸ್ತಿ. ಬೇಗ ಬುಕ್ ಮಾಡಬೇಕು.

ಮರೀನ್ ಡ್ರೈವ್ ದುಬಾರಿ, ಅಷ್ಟೇ. ಚರ್ಚ್‌ಗೇಟ್‌ನಲ್ಲಿ ಉಳಿದು ಸಂಜೆ ಆ ಕಟ್ಟೆಯ ಮೇಲೆ ಹೋಗಿ ಕೂತರೆ ಅದೇ ಗಾಳಿ, ಅದೇ ಸೂರ್ಯಾಸ್ತ.

"ಗೇಟ್‌ವೇಯಿಂದ 5 ನಿಮಿಷ" ಅಂತ ಹಾಕಿರುತ್ತಾರೆ. ನಂಬಬಹುದಾ?

ಯಾವುದರಲ್ಲಿ ಐದು ನಿಮಿಷ ಎಂದು ಕೇಳಿ. ಮ್ಯಾಪಿನಲ್ಲಿ ನೀವೇ ನಡಿಗೆಯ ದಾರಿ ಹಾಕಿ ನೋಡಿ. ರೀಗಲ್ ಸಿನಿಮಾ ಸರ್ಕಲ್‌ನಿಂದ ಗೇಟ್‌ವೇ ನಿಜವಾಗಿಯೂ ಐದಾರು ನಿಮಿಷ. ಚರ್ಚ್‌ಗೇಟ್ ಸ್ಟೇಷನ್‌ನಿಂದ ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಸಿಎಸ್‌ಎಂಟಿಯಿಂದ ಅರ್ಧ ಗಂಟೆ. "ಸೌತ್ ಮುಂಬೈ" ಅಂತ ಮಾತ್ರ ಬರೆದು ಗಲ್ಲಿಯ ಹೆಸರು ಹಾಕದಿದ್ದರೆ ಅಂಥ ಕಡೆ ನಾನು ಮುಂದೆ ನೋಡುವುದೇ ಇಲ್ಲ.

ಫೋಟೋದಲ್ಲಿ ರೂಮ್ ಚೆನ್ನಾಗಿದೆ. ಇನ್ನೇನು ನೋಡಬೇಕು?

ಕಿಟಕಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯವರು ಅನುಭವಿಸಿದ್ದು ಇದನ್ನೇ.

ಕೆಲವು ವರ್ಷಗಳ ಹಿಂದೆ ಅಮ್ಮನನ್ನೂ ಚಿಕ್ಕಮ್ಮನನ್ನೂ ಕರೆದುಕೊಂಡು ಬಂದಿದ್ದೆ. ಫೋಟೋದಲ್ಲಿ ಮಂಚ, ಬಿಳಿ ಹಾಸು, ಮಂಚದ ಪಕ್ಕ ಮೇಲಿಂದ ಕೆಳಗಿನವರೆಗೆ ಕೆಂಪು ಪರದೆ. ರೂಮಿಗೆ ಬಂದ ಕೂಡಲೇ ಗಾಳಿ ಬರಲಿ ಎಂದು ಅಮ್ಮ ಪರದೆ ಸರಿಸಿದರು. ಹಿಂದೆ ಗೋಡೆ. ಬರೀ ಸುಣ್ಣ ಬಳಿದ ಗೋಡೆ, ಅದಕ್ಕೆ ಎರಡು ಮೊಳೆ ಹೊಡೆದು ಪರದೆ ಕಟ್ಟಿದ್ದರು. ಎಸಿ ಇತ್ತು, ಆದರೆ ಅಮ್ಮನಿಗೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ರಾತ್ರಿಯಿಡೀ ಬಾಗಿಲನ್ನು ಅರ್ಧ ತೆರೆದು, ಚಪ್ಪಲಿ ಅಡ್ಡ ಇಟ್ಟು, ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತಿದ್ದೆ. ಬೆಳಿಗ್ಗೆ ಎದ್ದಾಗ ಹೊರಗೆ ಬೆಳಕಾಗಿದೆಯೋ ಇಲ್ಲವೋ ಎಂದು ತಿಳಿಯಲು ಮೆಟ್ಟಿಲಿನವರೆಗೆ ಬರಬೇಕಾಯಿತು.

ಈ ಭಾಗದಲ್ಲಿ ಇದು ಅಪರೂಪವಲ್ಲ. ಹಳೇ ಕಟ್ಟಡಗಳಲ್ಲಿ ಒಂದು ದೊಡ್ಡ ಹಾಲನ್ನು ಪಾರ್ಟಿಷನ್ ಹಾಕಿ ನಾಲ್ಕೈದು ರೂಮ್ ಮಾಡಿರುತ್ತಾರೆ. ತುದಿಯ ರೂಮಿಗೆ ಮಾತ್ರ ನಿಜವಾದ ಕಿಟಕಿ. ನಡುವಿನವುಗಳಿಗೆ ಇರುವುದೇ ಇಲ್ಲ, ಇಲ್ಲಾ ಕಾರಿಡಾರ್ ಕಡೆಗೆ ತೆರೆಯುತ್ತದೆ. ಪಾರ್ಟಿಷನ್ ಪ್ಲೈವುಡ್‌ದಾದರೆ ಪಕ್ಕದವರ ಕೆಮ್ಮು ಕೂಡ ಕೇಳುತ್ತದೆ. ಆದ್ದರಿಂದ "ಕಿಟಕಿ ಇದೆಯಾ" ಅಂತಷ್ಟೇ ಕೇಳಬೇಡಿ. "ಕಿಟಕಿ ತೆರೆದರೆ ಹೊರಗೆ ಏನು ಕಾಣುತ್ತದೆ" ಎಂದು ಕೇಳಿ. ಆ ಪ್ರಶ್ನೆಗೆ ಸುಮ್ನೆ "ಹಾಂ ಹಾಂ" ಎನ್ನಲು ಆಗುವುದಿಲ್ಲ.

ಇನ್ನೊಂದು: ಫೋಟೋವನ್ನು ಮೂಲೆಯಲ್ಲಿ ನಿಂತು ಅಗಲವಾಗಿ ತೆಗೆದಿರುತ್ತಾರೆ. ಮಂಚ ಮತ್ತು ಬಾಗಿಲ ನಡುವೆ ಎಷ್ಟು ಜಾಗ ಇದೆ ನೋಡಿ. ಎರಡು ಸೂಟ್‌ಕೇಸ್ ತೆರೆದಿಡಲು ಆಗುತ್ತದಾ? ಗಿರಾಕಿಗಳೇ ಹಾಕಿದ ಫೋಟೋಗಳು ಇದಕ್ಕೆ ಹೆಚ್ಚು ನಂಬಿಕೆಗೆ ಯೋಗ್ಯ. ವಿಮರ್ಶೆಗಳಲ್ಲಿ ಅತಿ ಹೊಗಳಿದ್ದು, ಅತಿ ಬೈದದ್ದು ಬಿಡಿ. ಇತ್ತೀಚಿನ ಆರು ತಿಂಗಳದ್ದು ಓದಿ, ನೀರು ಮತ್ತು ಸದ್ದಿನ ಬಗ್ಗೆ ಏನು ಬರೆದಿದ್ದಾರೆ ನೋಡಿ.

ಸೀ ವ್ಯೂ ರೂಮ್‌ಗೆ ಜಾಸ್ತಿ ಕೊಡಬಹುದಾ?

ಗೇಟ್‌ವೇ ಪಕ್ಕದ ಪಿ. ಜೆ. ರಾಮಚಂದಾನಿ ಮಾರ್ಗ ಅಥವಾ ಮರೀನ್ ಡ್ರೈವ್‌ಗೆ ಮುಖ ಮಾಡಿದ ಕಟ್ಟಡವಾದರೆ, ಮೇಲಿನ ಮಹಡಿಯಾದರೆ, ಒಂದು ದಿನದ ಮಟ್ಟಿಗೆ ಕೊಡಬಹುದು. ಬೆಳಗಿನ ಜಾವ ದೋಣಿಗಳು ಅಲುಗಾಡುವುದನ್ನು ಮಂಚದಿಂದಲೇ ನೋಡುವುದು ಚೆಂದ. ಒಳಗಿನ ಗಲ್ಲಿಯಲ್ಲಿ ಸೀ ವ್ಯೂ ಅಂದರೆ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಚೂರು ನೀಲಿ ಕಾಣುತ್ತದೆ ಅಷ್ಟೇ. ದುಡ್ಡು ಉಳಿಸಿ.

ದುಡ್ಡು ಕಟ್ಟುವ ಮುನ್ನ ಫೋನ್ ಮಾಡಿ ಏನೇನು ಕೇಳಬೇಕು?

ಕಿಟಕಿ ಆಯಿತು. ಆಮೇಲೆ ಯಾವ ಮಹಡಿ, ಲಿಫ್ಟ್ ಇದೆಯಾ, ಆ ಲಿಫ್ಟ್ ರಾತ್ರಿಯೂ ಓಡುತ್ತದಾ. ಬಾತ್‌ರೂಮ್ ರೂಮಿನ ಒಳಗೇ ಇದೆಯಾ ಅಥವಾ ಹೊರಗೆ ಎಲ್ಲರಿಗೂ ಸೇರಿದ್ದಾ. ಬಿಸಿನೀರು ದಿನವಿಡೀ ಬರುತ್ತದಾ ಇಲ್ಲಾ ಬೆಳಿಗ್ಗೆ ಎರಡು ಗಂಟೆ ಮಾತ್ರವಾ. ಮೂರನೆಯವರಿಗೆ ಬೇರೆ ಮಂಚ ಕೊಡುತ್ತಾರಾ ಅಥವಾ ನೆಲಕ್ಕೆ ಹಾಸಿಗೆಯಾ, ಅದಕ್ಕೆ ಎಷ್ಟು. ಹೇಳಿದ ಬಾಡಿಗೆಗೆ ತೆರಿಗೆ ಸೇರಿದೆಯಾ.

ಹಿಂದಿ ಬಾರದಿದ್ದರೆ ಹೆದರಬೇಡಿ. ಇಲ್ಲಿನ ಹೋಟೆಲ್‌ಗಳಲ್ಲಿ ಕರಾವಳಿಯವರು ತುಂಬಾ ಜನ. "ಕನ್ನಡ ಅಥವಾ ತುಳು ಬರುವವರು ಯಾರಾದರೂ ಇದ್ದಾರಾ" ಎಂದು ಕೇಳಿ ನೋಡಿ. ಎಷ್ಟೋ ಸಲ ಆ ಕಡೆಯಿಂದ "ಹೇಳಿ ಸರ್, ಯಾವೂರು ನಿಮ್ಮದು?" ಅಂತ ದನಿ ಬಂದಿದೆ.

ಆ್ಯಪ್‌ನಲ್ಲಿ ಬುಕ್ ಮಾಡುವುದಾ, ನೇರವಾಗಿಯಾ?

ಆ್ಯಪ್‌ನಲ್ಲಿ ಬೆಲೆ ನೋಡಿ, ಆಮೇಲೆ ಹೋಟೆಲ್‌ಗೆ ಫೋನ್ ಮಾಡಿ. ನೇರ ಬಂದರೆ ಸ್ವಲ್ಪ ಕಡಿಮೆ ಮಾಡುವವರು ಇದ್ದಾರೆ, ಕಿಟಕಿ ಇರುವ ರೂಮನ್ನು ಹಿಡಿದಿಡುವುದೂ ಸುಲಭ. ಆದರೆ ಒಂದು ಎಚ್ಚರ. ಮ್ಯಾಪ್‌ನಲ್ಲೋ ಹುಡುಕಾಟದಲ್ಲೋ ಸಿಗುವ ನಂಬರ್ ಹೋಟೆಲ್‌ನದ್ದೇ ಎಂದು ನಂಬಿ ಅಡ್ವಾನ್ಸ್ ಕಳಿಸಬೇಡಿ. ನಕಲಿ ನಂಬರ್ ಹಾಕಿ, ಚೆಂದದ ಫೋಟೋ ಕಳಿಸಿ, "ಅರ್ಧ ದುಡ್ಡು ಈಗಲೇ ಹಾಕಿ" ಎನ್ನುವ ಮೋಸ ಪ್ರವಾಸಿ ಊರುಗಳಲ್ಲೆಲ್ಲಾ ನಡೆಯುತ್ತಿದೆ. ಹೋಟೆಲ್‌ನ ಸ್ವಂತ ವೆಬ್‌ಸೈಟಿನ ನಂಬರ್‌ಗೂ ಇದಕ್ಕೂ ತಾಳೆ ನೋಡಿ. ಯುಪಿಐನಲ್ಲಿ ಯಾರದೋ ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಆ ದುಡ್ಡನ್ನು ತಡೆಹಿಡಿಯುವ ಅವಕಾಶ ಜಾಸ್ತಿ.

ಬಿಲ್‌ನಲ್ಲಿ ತೆರಿಗೆ ಎಷ್ಟು ಬರುತ್ತದೆ?

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮ್‌ಗೆ ಜಿಎಸ್‌ಟಿ 5%, ಅದಕ್ಕಿಂತ ಮೇಲಿನದಕ್ಕೆ 18%. ಈ ಗೆರೆಯ ಆಸುಪಾಸಿನ ರೂಮ್ ನೋಡುತ್ತಿದ್ದರೆ ಲೆಕ್ಕ ಹಾಕಿ. ₹7,500ರ ರೂಮಿಗೆ ಒಟ್ಟು ₹7,875. ₹7,600ರ ರೂಮಿಗೆ ₹8,968! ನೂರು ರೂಪಾಯಿ ವ್ಯತ್ಯಾಸಕ್ಕೆ ಸಾವಿರದ ಮೇಲೆ ಹೋಗುತ್ತದೆ. ಅಂಥ ಕಡೆ ಸ್ವಲ್ಪ ಕಡಿಮೆ ಮಾಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಊಟದ ಬಿಲ್‌ನಲ್ಲಿ ಸರ್ವಿಸ್ ಚಾರ್ಜ್ ಹಾಕಿದ್ದರೆ ಅದು ಕಡ್ಡಾಯ ಅಲ್ಲ, ತೆಗೆಯಿರಿ ಎನ್ನಬಹುದು.

ನಮ್ಮ ರೈಲು ನಸುಕಿಗೇ ತಲುಪುತ್ತದೆ. ಚೆಕ್-ಇನ್ ಮಧ್ಯಾಹ್ನ ಅಂತಾರೆ. ಏನು ಮಾಡುವುದು?

ಹಳೇ ಲಾಡ್ಜ್‌ಗಳಲ್ಲಿ ಕೆಲವು ಕಡೆ 24 ಗಂಟೆಯ ಲೆಕ್ಕ ಇದೆ: ಬೆಳಿಗ್ಗೆ ಆರಕ್ಕೆ ಹೋದರೆ ಮರುದಿನ ಆರರವರೆಗೆ. ರೈಲಿನವರಿಗೆ ಇದು ವರ. ಮಧ್ಯಾಹ್ನ 12ರ ಲೆಕ್ಕದ ಹೋಟೆಲ್ ಆದರೆ ಬೇಗ ರೂಮ್ ಕೊಡುತ್ತೀರಾ, ಅದಕ್ಕೆ ಎಷ್ಟು ಎಂದು ಹಿಂದಿನ ದಿನವೇ ಕೇಳಿ. ಕೊಡದಿದ್ದರೂ ಲಗೇಜ್ ಇಟ್ಟುಕೊಳ್ಳುತ್ತಾರೆ. ಸಿಎಸ್‌ಎಂಟಿಯಲ್ಲಿ ಕ್ಲೋಕ್ ರೂಮ್ ಕೂಡ ಇದೆ, ಬ್ಯಾಗಿಗೆ ಬೀಗ ಇರಲೇಬೇಕು. ರೈಲ್ವೆಯ ರಿಟೈರಿಂಗ್ ರೂಮ್‌ಗಳನ್ನು ಐಆರ್‌ಸಿಟಿಸಿಯಲ್ಲಿ ಮೊದಲೇ ಬುಕ್ ಮಾಡಬಹುದು. ಬೇಗ ತುಂಬಿಹೋಗುತ್ತವೆ.

ಸ್ಟೇಷನ್‌ನಿಂದ, ವಿಮಾನ ನಿಲ್ದಾಣದಿಂದ ಅಲ್ಲಿಗೆ ಹೇಗೆ ಬರುವುದು?

ಮೊದಲು ನಿಮ್ಮ ರೈಲು ಎಲ್ಲಿಗೆ ಹೋಗುತ್ತದೆ ನೋಡಿ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಸಿಎಸ್‌ಎಂಟಿಗೇ ಬರುತ್ತದೆ. ಮೈಸೂರಿನಿಂದ ಬರುವ ಶರಾವತಿ ಎಕ್ಸ್‌ಪ್ರೆಸ್ ದಾದರ್‌ನಲ್ಲಿ ನಿಲ್ಲುತ್ತದೆ. ಮಂಗಳೂರಿನ ಮತ್ಸ್ಯಗಂಧಾದ ಕೊನೆಯ ನಿಲ್ದಾಣ ಕುರ್ಲಾ ಕಡೆಯ ಲೋಕಮಾನ್ಯ ತಿಲಕ್ ಟರ್ಮಿನಸ್. ಅಲ್ಲಿ ಆಟೋ ಸಿಗುತ್ತದೆ, ಆದರೆ ಕೊಲಾಬಾಕ್ಕೆ ಬರುವುದಿಲ್ಲ. ದಕ್ಷಿಣ ಮುಂಬೈಗೆ ಆಟೋಗಳಿಗೆ ಪ್ರವೇಶವೇ ಇಲ್ಲ, ಇಲ್ಲಿ ಓಡುವುದು ಟ್ಯಾಕ್ಸಿ ಮಾತ್ರ. ಲಗೇಜ್ ಕಡಿಮೆ ಇದ್ದರೆ ಹತ್ತಿರದ ತಿಲಕ್ ನಗರದಿಂದ ಹಾರ್ಬರ್ ಲೈನ್ ಲೋಕಲ್ ಹಿಡಿದು ನೇರ ಸಿಎಸ್‌ಎಂಟಿಗೆ ಬನ್ನಿ.

ಕಪ್ಪು–ಹಳದಿ ಟ್ಯಾಕ್ಸಿಗೆ 2025ರ ಫೆಬ್ರವರಿಯಲ್ಲಿ ಕನಿಷ್ಠ ದರ ₹31 ಆಯಿತು, ಮೊದಲ ಒಂದೂವರೆ ಕಿಲೋಮೀಟರಿಗೆ. ಸಿಎಸ್‌ಎಂಟಿಯಿಂದ ಗೇಟ್‌ವೇ ಎರಡೂವರೆ ಕಿಲೋಮೀಟರ್ ಆಸುಪಾಸು. ಸ್ಟೇಷನ್ ಬಾಗಿಲಲ್ಲಿ "ಕೊಲಾಬಾ, ಮುನ್ನೂರು" ಎಂದವರನ್ನು ಬಿಟ್ಟು ಹೊರಗೆ ಬನ್ನಿ, ಮೀಟರ್ ಹಾಕುವವರು ಸಿಗುತ್ತಾರೆ.

ವಿಮಾನದಲ್ಲಿ ಬರುವವರಿಗೆ ಈಗ ದೊಡ್ಡ ಅನುಕೂಲ ಆಗಿದೆ. ನೆಲದಡಿಯ ಮೆಟ್ರೋ 3 ಮಾರ್ಗ 2025ರ ಅಕ್ಟೋಬರ್‌ನಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ಹಳೇ ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳಿಗೆ ನಿಲ್ದಾಣ ಇದೆ. ಸಿಎಸ್‌ಎಂಟಿ, ಹುತಾತ್ಮ ಚೌಕ, ಚರ್ಚ್‌ಗೇಟ್, ವಿಧಾನ ಭವನ ಎಲ್ಲಾ ಇದೇ ದಾರಿಯಲ್ಲಿ. ಇಡೀ ಮಾರ್ಗದ ಗರಿಷ್ಠ ದರವೇ ₹70. ಟ್ಯಾಕ್ಸಿಯಲ್ಲಿ ಟ್ರಾಫಿಕ್ ಸಿಕ್ಕರೆ ಒಂದೂವರೆ ಗಂಟೆ ಆಗಬಹುದು. ಕೊಲಾಬಾದ ಗಲ್ಲಿಗಳ ಒಳಗೆ ಮೆಟ್ರೋ ಇಲ್ಲ, ಇಳಿದ ಮೇಲೆ ಒಂದು ಚಿಕ್ಕ ಟ್ಯಾಕ್ಸಿ ಬೇಕು. ತಡರಾತ್ರಿ ಇಳಿಯುವವರಿಗೆ ಮೆಟ್ರೋ ಇರುವುದಿಲ್ಲ. ಟಿಕೆಟ್ ಮಾಡುವಾಗ ನವಿ ಮುಂಬೈನ ಹೊಸ ನಿಲ್ದಾಣವಾ, ಹಳೆಯದಾ ಎಂದೂ ನೋಡಿಕೊಳ್ಳಿ. ಎರಡೂ ಬೇರೆ ಬೇರೆ ದಿಕ್ಕು.

ವಯಸ್ಸಾದ ಅಪ್ಪ ಅಮ್ಮ ಬರುತ್ತಿದ್ದಾರೆ. ವಿಶೇಷವಾಗಿ ಏನು ನೋಡಬೇಕು?

ಮೆಟ್ಟಿಲು. ಹಳೇ ಕಟ್ಟಡಗಳ ಮಹಡಿ ಎತ್ತರ, ಮರದ ಮೆಟ್ಟಿಲು ಕಡಿದು. ಇಲ್ಲಿ ಎರಡನೇ ಮಹಡಿ ಅಂದರೆ ನಮ್ಮ ಕಡೆಯ ಮೂರನೇ ಮಹಡಿಯಷ್ಟು ಹತ್ತಿದ ಹಾಗೆ. ಲಿಫ್ಟ್ ಇದ್ದರೂ ಕೆಲವು ಕಡೆ ಅದನ್ನು ಸೇರಲು ಮೊದಲು ಏಳೆಂಟು ಮೆಟ್ಟಿಲು ಹತ್ತಬೇಕು. ಕೆಲವು ಇನ್ನೂ ಕಬ್ಬಿಣದ ಜಾಲರಿ ಬಾಗಿಲಿನ ಲಿಫ್ಟ್‌ಗಳು. ಎರಡೂ ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಕದಲುವುದಿಲ್ಲ, ಬೆರಳು ಜೋಪಾನ. ಕಮೋಡ್ ಇದೆಯಾ, ಬಾತ್‌ರೂಮ್ ಹೊಸ್ತಿಲು ಎತ್ತರವಾ ಎಂದೂ ಕೇಳಿ. ಸಾವಿರ ರೂಪಾಯಿ ಜಾಸ್ತಿ ಆದರೂ ಪರವಾಗಿಲ್ಲ, ಇವರ ವಿಷಯದಲ್ಲಿ ಉಳಿತಾಯ ಬೇಡ.

ಹೆಣ್ಣುಮಕ್ಕಳು ಒಬ್ಬರೇ ಉಳಿಯಬಹುದಾ?

ಉಳಿಯಬಹುದು, ತುಂಬಾ ಜನ ಉಳಿಯುತ್ತಾರೆ. ಫೋರ್ಟ್ ಬಿಟ್ಟರೆ ಈ ಭಾಗದ ರಸ್ತೆಗಳಲ್ಲಿ ತಡರಾತ್ರಿಯವರೆಗೂ ಜನ ಇರುತ್ತಾರೆ. ನನ್ನ ತಂಗಿಗೆ ಹೇಳಿದ್ದನ್ನೇ ಹೇಳುತ್ತೇನೆ: ಫೋರ್ಟ್‌ನ ಖಾಲಿ ಗಲ್ಲಿಗಿಂತ ಕೊಲಾಬಾ ಅಥವಾ ಚರ್ಚ್‌ಗೇಟ್ ಆರಿಸು. ರಾತ್ರಿಯಿಡೀ ರಿಸೆಪ್ಷನ್‌ನಲ್ಲಿ ಜನ ಇರುವ ಜಾಗ ನೋಡು. ಒಳಗಿನಿಂದ ಹಾಕುವ ಚಿಲಕ ಗಟ್ಟಿ ಇದೆಯಾ ಎಂದು ಹೋದ ಕೂಡಲೇ ಎಳೆದು ನೋಡು. ರೂಮ್ ನಂಬರನ್ನು ಎಲ್ಲರ ಮುಂದೆ ಜೋರಾಗಿ ಹೇಳಿದರೆ ಬೇರೆ ರೂಮ್ ಕೇಳು. ತುರ್ತು ಇದ್ದರೆ 112.

ಗುರುತಿನ ಚೀಟಿ ಯಾರ್ಯಾರದ್ದು ಬೇಕು?

ಉಳಿಯುವ ದೊಡ್ಡವರೆಲ್ಲರದ್ದೂ. ಆಧಾರ್ ಕೊಡುವುದಾದರೆ ನಂಬರಿನ ಮೊದಲ ಎಂಟು ಅಂಕಿ ಮರೆಮಾಡಿದ ಪ್ರತಿ ಇಟ್ಟುಕೊಳ್ಳಿ. ಆಧಾರ್ ವೆಬ್‌ಸೈಟಿನಲ್ಲೇ ಸಿಗುತ್ತದೆ. ವಿದೇಶಿ ಪಾಸ್‌ಪೋರ್ಟ್ ಇರುವ ಮಕ್ಕಳು, ಅಳಿಯಂದಿರು ಜೊತೆಗೆ ಬರುತ್ತಿದ್ದರೆ ಮೊದಲೇ ಹೇಳಿ. ಅವರ ವಿವರವನ್ನು ಹೋಟೆಲ್‌ನವರು ಸರ್ಕಾರಕ್ಕೆ ಕಳಿಸಬೇಕಾಗುತ್ತದೆ, ಅದಕ್ಕೇ ಕೆಲವು ಸಣ್ಣ ಲಾಡ್ಜ್‌ಗಳು ವಿದೇಶಿಯರಿಗೆ ರೂಮ್ ಕೊಡುವುದಿಲ್ಲ. ಮದುವೆಯಾಗದ ಜೋಡಿಗೆ ರೂಮ್ ಕೊಡಬಾರದೆಂಬ ಕಾನೂನು ಇಲ್ಲ. ಆದರೂ ಕೆಲವರು ಕೊಡುವುದಿಲ್ಲ. ರಾತ್ರಿ ಬಾಗಿಲಲ್ಲಿ ನಿಂತು ವಾದ ಮಾಡುವ ಬದಲು ಬುಕ್ ಮಾಡುವಾಗಲೇ ಕೇಳಿಬಿಡಿ.

ನಾವು ಸಸ್ಯಾಹಾರಿಗಳು. ಊಟಕ್ಕೆ ತೊಂದರೆಯಾ?

ಖಂಡಿತ ಇಲ್ಲ. ಫೋರ್ಟ್‌ನಲ್ಲಿ ಗಲ್ಲಿಗೊಂದು ಇಡ್ಲಿ–ದೋಸೆಯ ಜಾಗ ಇದೆ. ಬಹಳಷ್ಟನ್ನು ಉಡುಪಿ, ದಕ್ಷಿಣ ಕನ್ನಡದಿಂದ ಹೋದವರು ಕಟ್ಟಿದ್ದು. ಹಗಲೆಲ್ಲಾ ಹೋಟೆಲ್‌ನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದ ಹುಡುಗರು ಇಲ್ಲಿ ಒಬ್ಬಿಬ್ಬರಲ್ಲ. ಅವರಿಗಾಗಿಯೇ ಈ ಊರಿನಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಆ ಚರಿತ್ರೆ ಗೊತ್ತಿದ್ದರೆ ಇಲ್ಲಿನ ಒಂದು ಪ್ಲೇಟ್ ಇಡ್ಲಿಗೆ ಬೇರೆಯೇ ರುಚಿ. ಬಿಡುವಿದ್ದರೆ ಸಿಎಸ್‌ಎಂಟಿಯಿಂದ ಲೋಕಲ್ ಹಿಡಿದು ಮಾಟುಂಗಾಕ್ಕೆ ಹೋಗಿ. 1942ರಿಂದ ಇರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಎಲೆ ಊಟ ಮಾಡಿ ಬನ್ನಿ. ಹೋಟೆಲ್‌ನಲ್ಲಿ ಬೆಳಗಿನ ತಿಂಡಿ ಸೇರಿಸಿ ಬುಕ್ ಮಾಡುವುದು ಈ ಭಾಗದಲ್ಲಿ ಬೇಕಿಲ್ಲ.

ಯಾವ ದಿನಗಳು ಬೇಡ?

ಡಿಸೆಂಬರ್ 31ರ ರಾತ್ರಿ ಗೇಟ್‌ವೇ, ಮರೀನ್ ಡ್ರೈವ್ ಎರಡೂ ಕಡೆ ಜನಸಾಗರ, ಬಾಡಿಗೆಯೂ ಗಗನಕ್ಕೆ. ಜನವರಿಯ ಮ್ಯಾರಥಾನ್ ಭಾನುವಾರ ಸಿಎಸ್‌ಎಂಟಿ ಸುತ್ತಲಿನ ರಸ್ತೆಗಳು ಬೆಳಗಿನ ಜಾವದಿಂದಲೇ ಬಂದ್. ಆ ದಿನ ರೈಲು ಹಿಡಿಯುವುದಿದ್ದರೆ ನಡೆದು ಹೋಗುವ ದೂರದಲ್ಲಿ ಇರಿ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ರೂಮ್ ಅಗ್ಗ. ಆದರೆ ಜೋರು ಮಳೆಗೆ ಸಮುದ್ರದ ಉಬ್ಬರವೂ ಸೇರಿದರೆ ಹಿಂದ್‌ಮಾತಾ, ಸಯನ್ ಕಡೆ ನೀರು ನಿಂತು ಲೋಕಲ್ ನಿಲ್ಲುತ್ತದೆ. ವಾಪಸ್ ರೈಲಿಗೆ ಮೂರು ಗಂಟೆ ಮೊದಲೇ ಹೊರಡಿ. ಇನ್ನು ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಒಂದೇ ದಿನ ಉಳಿಯುವವರು ಅದನ್ನು ನೋಡಿಕೊಂಡೇ ರೂಮ್ ಮಾಡಿ.

ರೂಮಿಗೆ ಕಾಲಿಟ್ಟ ಮೇಲೆ ಮೊದಲು ಏನು ಮಾಡಬೇಕು?

ಬ್ಯಾಗನ್ನು ಮಂಚದ ಮೇಲೆ ಇಡಬೇಡಿ. ಹಾಸಿಗೆಯ ಮೂಲೆಯ ಬಟ್ಟೆ ಎತ್ತಿ, ಹೊಲಿಗೆಯ ಗೆರೆಯ ಮೇಲೆ ಮೊಬೈಲ್ ಬೆಳಕು ಬಿಡಿ. ಎಳ್ಳಿನಷ್ಟು ಸಣ್ಣ ಕಪ್ಪು ಚುಕ್ಕೆಗಳ ಸಾಲು ಕಂಡರೆ ತಿಗಣೆ ಇದೆ ಅಂತಲೇ ಲೆಕ್ಕ. ಆ ರೂಮ್ ಬೇಡ ಎಂದುಬಿಡಿ, ಇಲ್ಲದಿದ್ದರೆ ಅವು ನಿಮ್ಮ ಬ್ಯಾಗಿನಲ್ಲಿ ಊರಿಗೂ ಬರುತ್ತವೆ. ನಲ್ಲಿ ತಿರುಗಿಸಿ, ಗೀಸರ್ ಹಾಕಿ. ಆಮೇಲೆ ಹೊರಗೆ ಬಂದು ಲಿಫ್ಟ್ ಬಿಟ್ಟು ಮೆಟ್ಟಿಲಿನಲ್ಲಿ ಒಂದು ಸಲ ಕೆಳಗಿನವರೆಗೆ ಇಳಿಯಿರಿ. ಹಳೇ ಕಟ್ಟಡ, ಮರ ಜಾಸ್ತಿ, ವೈರ್‌ಗಳೂ ಜಾಸ್ತಿ. ಕತ್ತಲಲ್ಲಿ ಇಳಿಯಬೇಕಾದರೆ ಕಾಲಿಗೆ ದಾರಿ ಗೊತ್ತಿರಬೇಕು. ದಾರಿಯಲ್ಲಿ ಸಾಮಾನು ತುಂಬಿ ಬಾಗಿಲು ಮುಚ್ಚಿದ್ದರೆ ರಿಸೆಪ್ಷನ್‌ನಲ್ಲಿ ಕೇಳಿ, ತೆಗೆಸಿ.

ಹೇಳಿದ್ದೊಂದು, ಕೊಟ್ಟ ರೂಮ್ ಇನ್ನೊಂದು ಆದರೆ?

ರಿಜಿಸ್ಟರ್‌ನಲ್ಲಿ ಸಹಿ ಹಾಕುವ ಮೊದಲು ರೂಮ್ ನೋಡಿ. ಇಲ್ಲಿ ಇದು ಮಾಮೂಲು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಸರಿಯಿಲ್ಲದಿದ್ದರೆ ಸಮಾಧಾನವಾಗಿ, ಗಟ್ಟಿಯಾಗಿ ಬೇರೆ ರೂಮ್ ಕೇಳಿ. ಫೋನಿನಲ್ಲಿ ಮಾತಾಡಿದ ಮೇಲೆ "ಕಿಟಕಿ ಇರುವ ರೂಮ್, ಎರಡನೇ ಮಹಡಿ, ತೆರಿಗೆ ಸೇರಿ ಇಷ್ಟು" ಎಂದು ವಾಟ್ಸಾಪ್‌ನಲ್ಲಿ ಅವರಿಗೆ ಬರೆದು ಕಳಿಸಿದ್ದರೆ ಈಗ ಅದನ್ನು ತೋರಿಸಬಹುದು. ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ಅಲ್ಲೇ ನಿಂತು ಫೋಟೋ ತೆಗೆದು ಅವರಿಗೆ ದೂರು ಹಾಕಿ, ರೂಮ್ ಬಳಸಿದ ಮೇಲೆ ಅಲ್ಲ. ದುಡ್ಡು ವಾಪಸ್ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಪ್ರವಾಸಿಗರಿಗಾಗಿಯೇ ಇರುವ 1363 ಕೂಡ ಇದೆ. ಅದೇ ಗಲ್ಲಿಯ ಇನ್ನೆರಡು ಹೋಟೆಲ್‌ಗಳ ನಂಬರ್‌ಗಳನ್ನು ಊರಿನಿಂದ ಹೊರಡುವ ಮೊದಲೇ ಚೀಟಿಯಲ್ಲಿ ಬರೆದುಕೊಂಡಿರಿ. ಕತ್ತಲಾಗುವ ಮುಂಚೆ ತಲುಪಿದರೆ ಇನ್ನೊಂದನ್ನು ಹುಡುಕಲು ಸಮಯ ಸಿಗುತ್ತದೆ.